ಘೋರಿ ತಟ್ಟೆಯಲ್ಲಿ ಗೋಧಿ ಹುಗ್ಗಿ

ಗೋಧಿ ಹುಗ್ಗಿ ಉಂಡು ಕೆಟ್ಟವರನ್ನು ಯಾರೂ ಕಂಡಿಲ್ಲ. ಆದರೆ ಹುಗ್ಗಿ ಕಳಿಸಿ ಕೆಟ್ಟವರನ್ನು ನೋಡಬೇಕೆಂದರೆ ಮಾನ್ವಿಗೆ ಹೋಗಿ ಪಂಪಾಪತಿ ಮಾಸ್ತರನ ಮನೆ ಯಾವುದೆಂದು ಕೇಳಿದರೆ ಸಾಕು, ಬಸ್‌ಸ್ಟ್ಯಾಂಡಿನಲ್ಲಿ ಹೂ ಮಾರುವವಳೂ ದಾರಿ ತೋರಿಸುತ್ತಾಳೆ.

ಅಂದು ಶ್ರಾವಣ ಸೋಮವಾರ. ಪಂಪಾಪತಿ ಕಾಲೇಜಿಗೆ ರಜೆ ಹಾಕಿ, ಗುಡಿಗೆ ಹೋಗಿ ಬಂದು, ಹಣೆಯ ವಿಭೂತಿ ಆರುವ ಮೊದಲೇ ಅಡುಗೆಮನೆಯ ಗೂಡಿಗೆ ಕೈ ಹಾಕಿದ. ಸ್ಟೀಲಿನ ತಟ್ಟೆಗಳನ್ನು ಒಂದೊಂದಾಗಿ ಎತ್ತಿದ. ಮತ್ತೆ ಒಂದೊಂದಾಗಿ ಇಟ್ಟ. ಮೂರನೆಯ ಸಲ ಒಂದೊಂದರ ಕೆಳಗೂ ಬಗ್ಗಿ ನೋಡಿದ.

"ವಿಜಯಾ, ಇದರ ನಡುವ ಒಂದು ಹಸರ ತಟ್ಟಿ ಇಟ್ಟಿದ್ದೆ."

"ಆ ಪಿಂಗಾಣಿದೇನ್ರಿ?" ಹೆಂಡತಿ ವಿಜಯಲಕ್ಷ್ಮಿ ಒಲೆಯ ಮುಂದಿನಿಂದ ತಿರುಗಲೂ ಇಲ್ಲ. "ಅದರಾಗ ಬಸವಂತಮ್ಮನ ಮನಿಗೆ ಹುಗ್ಗಿ ಕೊಟ್ಟು ಬಂದೀನಿ."

ಪಂಪಾಪತಿ ಹಿಟ್ಟಿನ ಡಬ್ಬಿಯ ಮೇಲೆ ಕುಳಿತುಬಿಟ್ಟ.

"ಬ್ಯಾರೆ ತಟ್ಟಿ ಸಿಗಲಿಲ್ಲೇನು ನಿನಗ?"

"ಬೇಕಂತ ಅದನ್ನ ತಗೊಂಡೆ. ಸ್ಟೀಲಿನ ತಟ್ಟಿ ಕೊಟ್ರ ಮತ್ತ ಬೋಗುಣಿ ಕತಿ ಆಗ್ತದ. ಇಂಥಾದ್ದು ಆಕಿ ಮನ್ಯಾಗ ಇಲ್ಲ. ನಂದು ಅಂತ ಅನ್ನಾಕ ಬರಂಗಿಲ್ಲ, ಹೌದಿಲ್ರಿ?"

ಬುದ್ಧಿವಂತ ಹೆಂಗಸು ಎಂದು ಬೇರೆ ದಿನವಾದರೆ ಗಂಡ ಮೆಚ್ಚುತ್ತಿದ್ದ. ಬೋಗುಣಿ ಕತೆ ಇಷ್ಟೇ: ಹೋದ ವರ್ಷ ಪಕ್ಕದ ಮನೆಯ ಬಸವಂತಮ್ಮ ಸತ್ಯನಾರಾಯಣ ಪೂಜೆಗೆಂದು ವಿಜಯಲಕ್ಷ್ಮಿಯ ದೊಡ್ಡ ಬೋಗುಣಿ ಒಯ್ದಿದ್ದಳು. ಅದರ ಮೇಲೆ ಹೆಸರು ಹಾಕಿಸಿರಲಿಲ್ಲ. ತಿರುಗಿ ಕೇಳಿದಾಗ "ಇದು ನಂದ, ನಿಮ್ಮದು ಆವತ್ತ ಕೊಟ್ಟೀನಿ" ಎಂದಳು. ಅಂದಿನಿಂದ ಎರಡು ಮನೆಗಳ ನಡುವೆ ಮಾತಿಲ್ಲ, ಕತೆಯಿಲ್ಲ. ನಡುವಿನ ಗೋಡೆಯ ಮೇಲೆ ಓಡಾಡುವ ಬೆಕ್ಕು ಮಾತ್ರ ಎರಡೂ ಕಡೆ ಹಾಲು ಕುಡಿಯುತ್ತಿತ್ತು. ಶ್ರಾವಣದಲ್ಲಾದರೂ ಸಿಟ್ಟು ಬಿಡೋಣ ಎಂದು ವಿಜಯಲಕ್ಷ್ಮಿ ತಾನಾಗಿ ಹುಗ್ಗಿ ಹಿಡಿದುಕೊಂಡು ಹೋಗಿದ್ದಳು.

ಆದರೆ ಆ ತಟ್ಟೆ ಪಂಪಾಪತಿಯದಾಗಿರಲಿಲ್ಲ.

ಅದು ರಾಯಚೂರಿನ ಕೋಟೆಯ ಹತ್ತಿರದ ಮುನವ್ವರ್ ಬೀಯ ತಟ್ಟೆ. ಆಕೆಯ ಗಂಡನ ಮುತ್ತಜ್ಜ ಯಾವನೋ ನವಾಬನ ಅಡುಗೆಮನೆಯಲ್ಲಿ, ಒಡೆಯನಿಗಿಂತ ಮೊದಲು ತುತ್ತು ತಿಂದು ನೋಡುವ ಕೆಲಸಕ್ಕಿದ್ದನಂತೆ. ನವಾಬ ಖುಷಿಯಾಗಿ ಕೊಟ್ಟ ತಟ್ಟೆ ಅದು. ಚರಿತ್ರೆಯ ಉಪನ್ಯಾಸಕ ಪಂಪಾಪತಿ ಅದನ್ನು ಶನಿವಾರ ತನ್ನ ಹುಡುಗರಿಗೆ ತೋರಿಸಲೆಂದು ಶುಕ್ರವಾರವೇ ಕೈಮುಗಿದು ಎರವಲು ತಂದಿದ್ದ. ಮೊಮ್ಮಗ ಮುಷರ್ರಫ್ ಅಡ್ಡ ನಿಂತಿದ್ದ. "ಕೊಡಬ್ಯಾಡ ದಾದಿ. ಹಿಂಗ ಒಯ್ತಾರ, ಆಮ್ಯಾಲ ತಮ್ಮದ ಅಂತಾರ" ಎಂದಿದ್ದ. ಮುದುಕಿ ಮಾತ್ರ ಪಂಪಾಪತಿಯ ಮುಖ ನೋಡಿ, "ಮಾಸ್ತರ ಅದಾನ. ಮಾತಿಗೆ ತಪ್ಪಂಗಿಲ್ಲ" ಎಂದು ರೇಷ್ಮೆ ರುಮಾಲಿನಲ್ಲಿ ಸುತ್ತಿ ಕೊಟ್ಟಿದ್ದಳು. ಸೋಮವಾರ ಸಂಜೆ ಮೊಮ್ಮಗಳ ಮದುವೆಯ ಮಾತಿಗೆ ಬೀಗರು ಬರುವವರಿದ್ದರು, ಅಷ್ಟರೊಳಗೆ ತಟ್ಟೆ ತಿರುಗಿ ಮುಟ್ಟಬೇಕಿತ್ತು. ಅವರಿಗೆ ಮೊದಲ ತುತ್ತು ಆ ತಟ್ಟೆಯಲ್ಲೇ ಇಡುವುದು ಆ ಮನೆಯ ಪದ್ಧತಿ. ನಮ್ಮ ನಿಮ್ಮ ನಡುವೆ ವಿಷವಿಲ್ಲ ಎಂದು ಅದರ ಅರ್ಥ.

ತಂದವನು ಸುಮ್ಮನೆ ಪೆಟ್ಟಿಗೆಯಲ್ಲಿಟ್ಟಿದ್ದರೆ ಆಗುತ್ತಿತ್ತು. ಆದರೆ ಪಂಪಾಪತಿಗೆ ಒಂದು ರೋಗ. ನಾಲ್ಕು ಮಂದಿ ಕಂಡರೆ ಚರಿತ್ರೆಗೆ ಒಗ್ಗರಣೆ ಹಾಕದೆ ಇರಲಾರ. ಭಾನುವಾರ ಸಂಜೆ, ಹೆಂಡತಿ ಇನ್ನೂ ಹಿರೇಕೊಟ್ನೆಕಲ್ಲಿನ ತವರಿನಿಂದ ಬಂದಿರಲಿಲ್ಲ. ಓಣಿಯ ಕಟ್ಟೆಯ ಮೇಲೆ ರುಮಾಲು ಬಿಚ್ಚಿ ಕುಳಿತ. ಓಣಿಯವರೆಲ್ಲ ಸುತ್ತ ಸೇರಿದರು. ಬಸವಂತಮ್ಮನ ಗಂಡ, ಅಕ್ಕಿ ಗಿರಣಿಯಿಂದ ನಿವೃತ್ತನಾದ ಗಡಿಗೆಪ್ಪ, ಎಲ್ಲರಿಗಿಂತ ಮುಂದೆ ಕುಳಿತಿದ್ದ. ಮಾತು ಬಿಟ್ಟಿದ್ದವರು ಹೆಂಗಸರು. ಗಂಡಸರಿಗೆ ಕಟ್ಟೆ ಬಿಡಲು ಆಗುತ್ತದೆಯೇ?

"ಇದಕ್ಕ ಸೆಲಡಾನ್ ಅಂತಾರ. ಚೀನಾದ ಸಾಮಾನು. ನಮ್ಮ ಕಡೆ ಹಳೆಯ ಮಂದಿ ಘೋರಿ ತಟ್ಟಿ ಅಂತಿದ್ರು," ಎಂದು ಪಂಪಾಪತಿ ಶುರುಮಾಡಿದ. "ಚೀನಾದವರಿಗೆ ಹಸರ ಜೇಡ್ ಕಲ್ಲಂದ್ರ ಬಂಗಾರಕ್ಕಿಂತ ಹೆಚ್ಚು. ಆ ಕಲ್ಲಿನ ಬಣ್ಣ ಮಣ್ಣಿಗೆ ತರಬೇಕಂತ ನೂರಾರು ವರ್ಷ ಒದ್ದಾಡಿದ್ರು. ಮ್ಯಾಲಿನ ಮೆರುಗಿನ್ಯಾಗ ಚಿಟಿಕಿ ಕಬ್ಬಿಣ ಇರ್ತದ. ಭಟ್ಟಿ ಬಾಯಿ ಕಟ್ಟಿ, ಗಾಳಿ ಆಡದಂಗ ಸುಟ್ರ ಹಿಂಗ ಹಸರ ಬರ್ತದ. ಸ್ವಲ್ಪ ಗಾಳಿ ಹೊಕ್ಕರ ಮುಗೀತು, ಕಂದು ಬಣ್ಣ. ಅಲ್ಲಿಂದ ಹಡಗಿನ್ಯಾಗ ಬಂದು, ಬಂದರದಿಂದ ಎತ್ತಿನ ಹೇರಿನ ಮ್ಯಾಲ ಒಂದೂ ಒಡೀದಂಗ ದಖನ್ನಿನ ಸುಲ್ತಾನರ ಮನಿ ಮುಟ್ಟೂದು ಅಂದ್ರ ಆಟ ಅಲ್ಲ."

"ಏನು ಬಾಳಬಹುದ್ರಿ ಇದು?" ಯಾರೋ ಕೇಳಿದರು.

"ಇದಕ್ಕ ಬೆಲಿ ಕಟ್ಟಾಕ ಬರಂಗಿಲ್ಲ. ಯಾಕ ಗೊತ್ತೇನು? ಇದರಾಗ ವಿಷದ ಅನ್ನ ಬಿದ್ರ ಸಾಕು, ಮೈತುಂಬ ಸೀಳು ಬರ್ತದ. ಇದರಾಗ ಉಂಡ ಸುಲ್ತಾನ ವಿಷದಿಂದ ಸತ್ತಿಲ್ಲ. ಈಗ ನೋಡ್ರಿ, ಒಂದರ ಗೆರಿ ಅದ ಏನು?"

ಪುಸ್ತಕದಲ್ಲಿ ಈ ಮಾತಿನ ಕೊನೆಗೆ 'ಎಂದು ಜನ ನಂಬಿದ್ದರು' ಎಂದು ಒಂದು ಬಾಲ ಇತ್ತು. ಒಗ್ಗರಣೆಯ ಭರದಲ್ಲಿ ಪಂಪಾಪತಿ ಅದನ್ನು ಕತ್ತರಿಸಿ ಹಾಕಿದ.

"ನಿಮ್ಮಜ್ಜನ ಕಾಲದ್ದೇನ್ರಿ ಮಾಸ್ತರ?" ಗಡಿಗೆಪ್ಪ ಕೇಳಿದ.

ಪಂಪಾಪತಿ ಹೌದು ಎನ್ನಲಿಲ್ಲ. ಅಲ್ಲ ಎಂದೂ ಅನ್ನಲಿಲ್ಲ. ಮೀಸೆಯಲ್ಲಿ ನಕ್ಕು ತಟ್ಟೆಯನ್ನು ರುಮಾಲಿನಲ್ಲಿ ಸುತ್ತಿದ. ಮನೆಗೆ ಬಂದ ಮೇಲೆ ಕಳ್ಳರ ಭಯ ಹುಟ್ಟಿತು. ಊರಿಗೆಲ್ಲ ತೋರಿಸಿ ಆಮೇಲೆ ಭಯಪಡುವುದು ಅವನ ಪದ್ಧತಿ. ಕಳ್ಳ ಬಂದರೆ ಬೀರು ಒಡೆಯುತ್ತಾನೆ, ಊಟದ ತಟ್ಟೆ ಎಣಿಸುವುದಿಲ್ಲ ಎಂದು ಲೆಕ್ಕ ಹಾಕಿ, ಸ್ಟೀಲಿನ ತಟ್ಟೆಗಳ ನಡುವೆ ಬಚ್ಚಿಟ್ಟು ಮಲಗಿದ. ಕೊನೆಯ ಬಸ್ಸಿಗೆ ಬಂದ ಹೆಂಡತಿಗೆ ಹೇಳಲು ಎಚ್ಚರವಾಗಲಿಲ್ಲ.

ಈಗ ಹಿಟ್ಟಿನ ಡಬ್ಬಿಯ ಮೇಲೆ ಕುಳಿತವನ ಫೋನು ಕಿರುಗುಟ್ಟಿತು.

"ಮಾಸ್ತರ, ನಾನು ಮುಷರ್ರಫ್. ಬೀಗರಿಗೆ ಹೇಳಾಕಂತ ದೇವದುರ್ಗಕ್ಕ ಬಂದಿದ್ವಿ. ನೀವು ರಾಯಚೂರಿಗೆ ಬರೂದು ಬ್ಯಾಡ. ಮಾನ್ವಿ ಮ್ಯಾಲ ಹಾಯ್ದು ನಾವ ತಟ್ಟಿ ತಗೊಂಡು ಹೋಗ್ತೀವಿ. ದಾದಿನೂ ಅದಾಳ."

"ಬರ್ರಿ, ಬರ್ರಿ," ಎಂದ ಪಂಪಾಪತಿ.

ಫೋನು ಕೆಳಗಿಡುವುದಕ್ಕೂ ಪಕ್ಕದ ಮನೆಯಿಂದ ಚೀರಾಟ ಏಳುವುದಕ್ಕೂ ಸರಿಹೋಯಿತು.

"ಯವ್ವಾ, ವಿಷ ಹಾಕ್ಯಾಳ! ನನ್ನ ಗಂಡಗ ವಿಷ ಹಾಕ್ಯಾಳ!"

ಪಂಪಾಪತಿ ಚಪ್ಪಲಿ ಇಲ್ಲದೆ ಓಡಿದ. ಹಿಂದೆಯೇ ವಿಜಯಲಕ್ಷ್ಮಿ, ಕೈಯಲ್ಲಿ ಸವುಟು. ಬಸವಂತಮ್ಮನ ಪಡಸಾಲೆಯಲ್ಲಿ ಆಗಲೇ ಅರ್ಧ ಓಣಿ ನೆರೆದಿತ್ತು. ಹೊರಸಿನ ಮೇಲೆ ಗಡಿಗೆಪ್ಪ ಹೊಟ್ಟೆ ಹಿಡಿದುಕೊಂಡು ಬಿದ್ದಿದ್ದ. ಬಸವಂತಮ್ಮ ತೊಳೆದ ತಟ್ಟೆಯನ್ನು ಎತ್ತಿ ಹಿಡಿದು ಎಲ್ಲರಿಗೂ ತೋರಿಸುತ್ತಿದ್ದಳು. ನಿನ್ನೆ ಕೊಳದ ನೀರಿನಂತೆ ನುಣುಪಾಗಿದ್ದ ಹಸಿರಿನ ಮೇಲೆ ಈಗ ಮೈತುಂಬ ಕಂದು ಗೆರೆಗಳು, ಬೇಸಿಗೆಯಲ್ಲಿ ಬಿರಿದ ಎರೆಹೊಲದ ಹಾಗೆ.

ಪಂಪಾಪತಿ ಮಂದಿಯನ್ನು ಸರಿಸಿ ಮುಂದೆ ಬಂದ. ಆದರೆ ಒಡೆದಿಲ್ಲ. ಅಷ್ಟು ಮಾತ್ರ ಮೊದಲು ನೋಡಿಕೊಂಡ.

"ಅಕ್ಕಾರ, ತಟ್ಟಿ ಇಲ್ಲಿ ಕೊಡ್ರಿ. ಕೈ ಜಾರತದ."

"ನಿಮಗ ತಟ್ಟಿ ಚಿಂತಿ. ನನಗ ತಾಳಿ ಚಿಂತಿ. ನಿನ್ನಿ ಕಟ್ಟಿ ಮ್ಯಾಲ ನೀವ ಹೇಳಿಲ್ಲೇನು, ವಿಷ ಬಿದ್ರ ಸೀಳತದಂತ? ಒಂದೂ ಗೆರಿ ಇಲ್ಲಂತ ತೋರಿಸೀರಿ. ಈಗ ಇವೇನು?"

ನಿನ್ನೆ ಕಟ್ಟೆಯ ಮೇಲಿದ್ದವರೆಲ್ಲ "ಹೌದು, ಹೇಳಿದ್ರು" ಎಂದು ತಲೆಯಾಡಿಸಿದರು. ಪಾಠ ಹೇಳಿದ್ದನ್ನು ಇಷ್ಟು ಚೆನ್ನಾಗಿ ನೆನಪಿಟ್ಟುಕೊಂಡ ವಿದ್ಯಾರ್ಥಿಗಳು ಪಂಪಾಪತಿಗೆ ಇಡೀ ನೌಕರಿಯಲ್ಲಿ ಸಿಕ್ಕಿರಲಿಲ್ಲ.

"ರೀ, ಏನು ಹೇಳೀರಿ ಇವರಿಗೆ?" ವಿಜಯಲಕ್ಷ್ಮಿಯ ದನಿ ಸಣ್ಣದಾಗಿತ್ತು. ಆ ಸಣ್ಣ ದನಿಗೆ ಅವನು ಸವುಟಿಗಿಂತ ಹೆಚ್ಚು ಹೆದರಿದ. "ಸಿಟ್ಟು ಬಿಡೂಣಂತ ಹುಗ್ಗಿ ಮಾಡಿ ಕೊಟ್ರ ನಾನು ವಿಷ ಹಾಕಿದಾಕಿ ಆದ್ನೇನು? ನಾಳಿ ಓಣ್ಯಾಗ ಹೆಂಗ ತಿರುಗಾಡ್ಲಿ?"

"ಅದು ಸೀಳಲ್ರಿ," ಎಂದು ಪಂಪಾಪತಿ ಅವಸರದಿಂದ ಹೇಳತೊಡಗಿದ. "ಭಟ್ಟಿಯಿಂದ ತಗದಾಗ ಮಣ್ಣು ಒಂದು ನಮೂನಿ ಕುಗ್ಗತದ, ಮೆರುಗು ಒಂದು ನಮೂನಿ ಕುಗ್ಗತದ. ಮೆರುಗಿನ್ಯಾಗ ಕೂದಲಿನಂಥ ಗೆರಿ ಹುಟ್ಟತಾವ, ಕಣ್ಣಿಗೆ ಕಾಣಂಗಿಲ್ಲ. ಬಿಸಿ ಹುಗ್ಗ್ಯಾಗಿನ ಬೆಲ್ಲ, ತುಪ್ಪ ಒಳಗ ಇಳದು ಈಗ ಕಾಣಾಕತ್ಯಾವ. ಮೊದಲಿಂದನೂ ಇದ್ದವ."

"ಹಂಗಾರ ವಿಷಕ್ಕ ಸೀಳತದ ಅಂದದ್ದು ಸುಳ್ಳೇನು?"

"ಮಂದಿ ಹಂಗ ನಂಬಿದ್ರು ಅಂತ..."

"ನೀವು ಹಂಗ ಅನ್ನಲಿಲ್ಲ ಮಾಸ್ತರ," ಹೊರಸಿನ ಮೇಲಿಂದ ಗಡಿಗೆಪ್ಪ ನರಳಿದ. "ಸುಲ್ತಾನ ಸತ್ತಿಲ್ಲ ಅಂದ್ರಿ."

ದವಾಖಾನೆಗೆ ಒಯ್ಯಿರಿ ಎಂದು ಒಬ್ಬರು, ಪೊಲೀಸರಿಗೆ ಫೋನು ಹಚ್ಚಿರಿ ಎಂದು ಒಬ್ಬರು. "ತಟ್ಟಿ ಮಾತ್ರ ಬಿಡಬ್ಯಾಡ ಯವ್ವಾ, ಸಾಕ್ಷಿಗೆ ಬೇಕಾಗ್ತದ," ಎಂದು ಎದುರು ಮನೆಯ ಹುಲಗೆಮ್ಮ ಬುದ್ಧಿ ಹೇಳಿದಳು. ಬಸವಂತಮ್ಮ ತಟ್ಟೆಯನ್ನು ಎದೆಗೆ ಅವಚಿಕೊಂಡಳು. ಪಂಪಾಪತಿಯ ಕಿಸೆಯಲ್ಲಿ ಫೋನು ಮತ್ತೆ ಕಿರುಗುಟ್ಟಿತು. ಮುಷರ್ರಫ್ ಸಿರವಾರ ದಾಟಿದ್ದ.

ತಟ್ಟೆ ಪೊಲೀಸ್ ಠಾಣೆಗೆ ಹೋದರೆ ಇಂದು ಸಂಜೆಗಿರಲಿ, ಮೊಮ್ಮಗಳ ಮಗಳ ಮದುವೆಗೂ ಬರುವುದಿಲ್ಲ. ಪಂಪಾಪತಿ ಸುತ್ತ ನೋಡಿದ. ಒಲೆಯ ಕಟ್ಟೆಯ ಮೇಲೆ ಒಂದು ಬಟ್ಟಲಿನಲ್ಲಿ ಉಳಿದ ಹುಗ್ಗಿ ಇತ್ತು. ನೆಟ್ಟಗೆ ಹೋಗಿ ಬಟ್ಟಲು ಎತ್ತಿಕೊಂಡು, ಎಲ್ಲರ ನಡುವೆ ನಿಂತು ಗಬಗಬನೆ ತಿನ್ನತೊಡಗಿದ.

ಇಡೀ ಓಣಿ ಅವನ ಗಂಟಲನ್ನೇ ನೋಡುತ್ತಿತ್ತು. ಅವನಿಗೂ ಎರಡನೆಯ ತುತ್ತಿಗೆ ಒಂದು ಸಣ್ಣ ಅನುಮಾನ ಬಂದು ಹೋಯಿತು. ಹೆಂಡತಿಯ ಮುಖ ನೋಡಿ ನುಂಗಿದ. ಗಸಗಸೆ ಹಾಕಿದ್ದಳು, ಏಲಕ್ಕಿ ಹಾಕಿದ್ದಳು. ಬಟ್ಟಲು ಅರ್ಧವಾಯಿತು. ಮಾಸ್ತರ ಬೀಳಲಿಲ್ಲ.

ಗಡಿಗೆಪ್ಪ ಮೆಲ್ಲಗೆ ಎದ್ದು ಕುಳಿತ.

"ಎಲ್ಲಾ ನೀವ ಮುಗಸಬ್ಯಾಡ್ರಿ ಮಾಸ್ತರ," ಎಂದು ಕೈ ಚಾಚಿದ. "ಈಗ ಉರಿ ಕಡಿಮಿ ಆಗ್ಯದ."

ಮೊದಲು ನಕ್ಕವಳು ಹುಲಗೆಮ್ಮ. ಆಮೇಲೆ ಎಲ್ಲರೂ ನಕ್ಕರು, ಬಸವಂತಮ್ಮ ಒಬ್ಬಳನ್ನು ಬಿಟ್ಟು. ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡು ವಿಜಯಲಕ್ಷ್ಮಿಯ ಕೈ ಹಿಡಿದಳು.

"ನನ್ನ ನಾಲಿಗಿಗೆ ಹುಳ ಬೀಳ್ಲಿ. ಎಂಥಾ ಮಾತು ಅಂದೆ ನಿನಗ. ಆ ಬೋಗುಣಿನೂ ನಿಂದ ತಂಗಿ. ಆಮ್ಯಾಲ ನಂದು ಅಟ್ಟದ ಮ್ಯಾಲ ಸಿಕ್ತು. ಹೇಳಾಕ ನಾಚಿಕಿ ಆತು."

ಇಬ್ಬರೂ ಅತ್ತರು. ನೋಡುವವರ ಕಣ್ಣೂ ಒದ್ದೆಯಾಯಿತು. ಪಂಪಾಪತಿಗೆ ಮಾತ್ರ ಅಳಲು ಪುರುಸೊತ್ತಿರಲಿಲ್ಲ.

"ಒಳ್ಳೇದಾತು ಅಕ್ಕಾರ. ಇನ್ನ ಆ ತಟ್ಟಿ ಕೊಡ್ರಿ."

"ಬರೇ ತಟ್ಟಿ ಹೆಂಗ ಕೊಡ್ಲಿ?" ಬಸವಂತಮ್ಮ ತಟ್ಟೆಯನ್ನು ಬೆನ್ನ ಹಿಂದೆ ಸರಿಸಿದಳು. "ಉಣ್ಣಾಕ ಕೊಟ್ಟ ತಟ್ಟಿ ಖಾಲಿ ಕೊಡೂದು ಎಲ್ಯರ ಅದ ಏನು? ಅದೂ ಶ್ರಾವಣ ಸೋಮವಾರ. ಕಡಬು ಮಾಡಿ, ತುಂಬಿಸಿ ಕೊಡ್ತೀನಿ."

"ಇರ್ಲಿ ಬಿಡ್ರಿ, ನಾವು ನಾವು..."

"ನನ್ನ ಕೈಯಿಂದು ಉಣಬಾರ್ದಂತ ಅದ ಏನು? ಇನ್ನೂ ಸಿಟ್ಟು ಇಟ್ಕೊಂಡೀರೇನು?"

ವಿಜಯಲಕ್ಷ್ಮಿ ಗಂಡನ ಕಡೆ ಕಣ್ಣು ಕೆಕ್ಕರಿಸಿದಳು. ಈಗ ತಾನೆ ಹೊಲಿದ ಸೀರೆ, ಮತ್ತೆ ಹರಿಯಬೇಡಿರಿ ಎಂದು ಆ ನೋಟದ ಅರ್ಥ. ಆಗಲೂ ಒಂದು ದಾರಿ ಇತ್ತು: ತಟ್ಟೆ ನನ್ನದಲ್ಲ, ಎರವಲು ತಂದದ್ದು, ಯಜಮಾನತಿ ಬರುತ್ತಿದ್ದಾಳೆ ಎಂದು ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ಆದರೆ ಎದುರಿಗೆ ನಿನ್ನೆಯ ಕಟ್ಟೆಯವರೆಲ್ಲ ನಿಂತಿದ್ದರು. ಒಂದು ಸುಳ್ಳು ಈಗಷ್ಟೇ ಬಯಲಾಗಿತ್ತು. ಒಂದೇ ದಿನ ಎರಡು ಬಯಲಾದರೆ ಮಾಸ್ತರನೆಂಬ ಮಾನ ಏನು ಉಳಿಯಿತು?

"ಹುಷಾರಾಗಿ ಇಟ್ಕೋರಿ ಅಕ್ಕಾರ," ಎಂದ ಪಂಪಾಪತಿ. "ಅದು ನನ್ನ ತಟ್ಟಿ. ಜೀವಕ್ಕಿಂತ ಹೆಚ್ಚು. ಎಲ್ಲೂ ಕಳೀಬಾರ್ದು, ಯಾರದರ ಜತಿ ಬದಲಾಗಬಾರ್ದು."

"ನೀವು ಚಿಂತಿ ಬಿಡ್ರಿ," ಎಂದಳು ಬಸವಂತಮ್ಮ, ಬಹಳ ಗಂಭೀರವಾಗಿ. "ಈ ಸಲ ಬೋಗುಣಿ ಕತಿ ಆಗಾಕ ನಾ ಬಿಡಂಗಿಲ್ಲ."

ಮನೆಗೆ ಬಂದು ಪಂಪಾಪತಿ ಅತ್ತಿಂದಿತ್ತ ತಿರುಗಾಡಿದ. ಗೋಡೆಯಾಚೆ ಬೇಳೆ ಬೇಯುವ ವಾಸನೆ ಬಂತು. ಆಮೇಲೆ ಯಾರೋ ಗಂಡಸಿನ ದನಿ. "ಆಕಿ ತಮ್ಮ ಯಲ್ಲಾಲಿಂಗ ಬಂದಾನ, ಬಸ್‌ಸ್ಟ್ಯಾಂಡ್ ಹತ್ರ ಪಾತ್ರಿ ಅಂಗಡಿ ಇಟ್ಟಾನಲ್ಲ, ಆಂವ," ಎಂದಳು ವಿಜಯಲಕ್ಷ್ಮಿ. "ಅಕ್ಕನ ಮನ್ಯಾಗ ಕಡಬು ಅಂದ್ರ ವಾಸನಿ ಹಿಡಕೊಂಡು ಬರ್ತಾನ."

ಬಾಗಿಲಲ್ಲಿ ಕಾರು ನಿಂತ ಸದ್ದಾಯಿತು. ಮುಷರ್ರಫ್ ಇಳಿದ, ಅಜ್ಜಿಯನ್ನು ಕೈಹಿಡಿದು ಇಳಿಸಿದ. ಮುನವ್ವರ್ ಬೀ ಒಳಗೆ ಬಂದು ಕುರ್ಚಿಯ ಮೇಲೆ ಕುಳಿತು, ನೀರು ಕುಡಿದು, ಸುತ್ತ ನೋಡಿದಳು.

"ಎಲ್ಲಿ ಬೇಟಾ ನನ್ನ ರಕಾಬಿ?"

"ಈಗ ಬಂತು ಅಮ್ಮಾ. ಪಕ್ಕದ ಮನ್ಯಾಗ... ತೊಳಿಯಾಕ ಕೊಟ್ಟೀವಿ."

"ಪಕ್ಕದ ಮನ್ಯಾಗ?" ಮುಷರ್ರಫ್ ಹುಬ್ಬೇರಿಸಿದ. "ದಾದಿ, ನಾ ಏನು ಹೇಳಿದ್ದೆ?"

"ಸುಮ್ಮನಿರು. ಮಾಸ್ತರ ಮಾತು ಕೊಟ್ಟಾನ."

ಗೋಡೆಯಾಚೆಯಿಂದ 'ಕರ್ರ್‌' ಎಂದು ಸದ್ದು ಬಂತು. ಸ್ವಲ್ಪ ನಿಂತು ಮತ್ತೆ 'ಕರ್ರ್‌'. ಹೂರಣಕ್ಕೆ ಮಿಕ್ಸಿ ಹಾಕಿರಬೇಕು, ಇನ್ನೇನು ಆಯಿತು ಎಂದು ಪಂಪಾಪತಿ ಸಮಾಧಾನ ಮಾಡಿಕೊಂಡ. ಮುನವ್ವರ್ ಬೀಗೆ ಚಹಾ ಕೊಟ್ಟ. ಮುಷರ್ರಫ್‌ಗೆ ಚಹಾ ಕೊಟ್ಟ. ತನ್ನ ಚಹಾವನ್ನು ತಟ್ಟೆಗೂ ಅಲ್ಲದೆ ಕಪ್ಪಿಗೂ ಅಲ್ಲದೆ ಪಂಚೆಯ ಮೇಲೆ ಹಾಕಿಕೊಂಡ.

ಕೊನೆಗೆ ಬಸವಂತಮ್ಮ ಬಂದಳು. ಹೊಸ ಸೀರೆ ಉಟ್ಟಿದ್ದಳು. ಎರಡೂ ಕೈಯಲ್ಲಿ ತಟ್ಟೆ, ಅದರ ತುಂಬ ಕಡಬು, ಮೇಲೆ ಬಿಳಿ ಅರಿವೆ. ಪಂಪಾಪತಿ ಓಡಿ ಹೋಗಿ ಇಸಿದುಕೊಂಡ. ಅಂಚು ಮುಟ್ಟಿ ನೋಡಿದ. ಎಲ್ಲಿಯೂ ಮುಕ್ಕಾಗಿಲ್ಲ. ಅವನ ಜೀವ ಬಂದಂತಾಯಿತು. ಹಾಗೇ ಒಯ್ದು ಮುನವ್ವರ್ ಬೀಯ ಮುಂದಿನ ಟೀಪಾಯಿಯ ಮೇಲೆ ಇಟ್ಟ.

"ತಗೋರಿ ಅಮ್ಮಾ. ಕಡಬು ನಿಮಗ, ತಟ್ಟಿ ನಿಮದ."

ಮುದುಕಿ ಅರಿವೆ ಸರಿಸಿ, ಅಂಚಿನ ಕಂದು ಗೆರೆಗಳನ್ನು ನೋಡಿದಳು. ಪಂಪಾಪತಿ ಉಸಿರು ಬಿಗಿಹಿಡಿದ.

"ಗೆರಿ ಎದ್ದಾವ," ಎಂದಳು ಆಕೆ. ಆಮೇಲೆ ನಕ್ಕಳು. "ನನ್ನ ನಿಕಾಹದ ದಿನ ಬಿಸಿಬಿಸಿ ಸಾಲನ್ ಸಾರು ಹಾಕಿದಾಗೂ ಹಿಂಗ ಎದ್ದಿದ್ವು. ನಮ್ಮತ್ತಿ ಎಂಥಾ ಸೊಸಿ ಬಂದ್ಲು ಅಂತ ಎದಿ ಬಡಕೊಂಡಿದ್ಲು. ನಾಕು ದಿನ ನಿಂಬಿಹುಳಿ ತಿಕ್ಕಿದ್ರ ಹೋಗ್ತಾವ. ಇದು ವಿಷ ಹಿಡೀತದ ಅಂಬೂದೆಲ್ಲ ಹೊರಗಿನ ಮಂದಿಗೆ ಬೇಟಾ. ವಿಷ ಹಿಡದಾಂವ ನಮ್ಮ ಮುತ್ತಜ್ಜ, ಪಾಪ, ಬರೇ ನಾಲಿಗಿ ಮ್ಯಾಲ."

ಪಂಪಾಪತಿ ಬಿಟ್ಟ ಉಸಿರಿಗೆ ಗೋಡೆಯ ಕ್ಯಾಲೆಂಡರು ಅಲುಗಿತು. ಅವನು ಪಟ್ಟ ಪಾಡೆಲ್ಲ ಮುಗಿದಿತ್ತು. ಹೆಂಡತಿಯ ಹೆಸರು ಉಳಿಯಿತು, ನೆರೆಮನೆಯ ಸ್ನೇಹ ಬೆಳೆಯಿತು, ಕೊಟ್ಟ ಮಾತು ನಿಂತಿತು. ಮುಷರ್ರಫ್‌ ಕೂಡ ಮುಖ ಸಡಿಲಿಸಿ ಒಂದು ಕಡಬು ತಿಂದ. ಇನ್ನೊಂದು ತಿಂದ. ಉಳಿದವನ್ನು ವಿಜಯಲಕ್ಷ್ಮಿ ಡಬ್ಬಿಗೆ ತುಂಬಿ ಕೊಟ್ಟಳು. ಮುಷರ್ರಫ್ ತಟ್ಟೆಯನ್ನು ರುಮಾಲಿನಲ್ಲಿ ಸುತ್ತಲು ಎತ್ತಿಕೊಂಡವನು, ಎತ್ತಿದಂತೆಯೇ ನಿಂತುಬಿಟ್ಟ.

"ದಾದಿ."

"ಏನೋ?"

"ಇದರ ನಡುವ ಹೆಸರು ಕೆತ್ಯಾರ." ಅವನು ಒಂದೊಂದೇ ಅಕ್ಷರ ಕೂಡಿಸಿ ಓದಿದ. "ಪಂಪಾಪತಿ ಮಾಸ್ತರ, ಮಾನ್ವಿ."

ಪಂಪಾಪತಿ ಬಗ್ಗಿ ನೋಡಿದ. ನವಾಬನ ಹಸಿರಿನ ನಟ್ಟನಡುವೆ, ಮದುವೆಯಲ್ಲಿ ಮುಯ್ಯಿ ಕೊಡುವ ಸ್ಟೀಲಿನ ಕೊಡದ ಮೇಲೆ ಇರುತ್ತದಲ್ಲ, ಅದೇ ದುಂಡು ಅಕ್ಷರ. ಸುತ್ತಲೂ ಬಳ್ಳಿ ಬೇರೆ ಬಿಡಿಸಿತ್ತು. ಮಿಕ್ಸಿಯ ಸದ್ದು ಅವನ ಕಿವಿಯಲ್ಲಿ ಮತ್ತೊಮ್ಮೆ 'ಕರ್ರ್‌' ಎಂದಿತು.

ಮುನವ್ವರ್ ಬೀ ಕನ್ನಡಕ ಏರಿಸಿ, ಬೆರಳಿನಿಂದ ಅಕ್ಷರಗಳನ್ನು ಸವರಿದಳು. ಸಿಟ್ಟಾಗಿದ್ದರೆ ಪಂಪಾಪತಿ ಕಾಲಿಗೆ ಬೀಳುತ್ತಿದ್ದ. ಆಕೆ ಸಿಟ್ಟಾಗಲಿಲ್ಲ. ಮೊಮ್ಮಗನ ಮುಂದೆ ಇವನ ಪರ ಮಾತಾಡಿದ್ದಕ್ಕೆ ನಾಚಿದವಳಂತೆ ತಲೆ ತಗ್ಗಿಸಿದಳು.

"ಬೀಗರ ಮುಂದ ಇದನ್ನ ಹೆಂಗ ಇಡ್ಲಿ ಬೇಟಾ? ಯಾರ ಮನಿ ತಟ್ಟಿ ಕದ್ದು ತಂದೀರಿ ಅಂತ ನಮ್ಮನ್ನ ಕೇಳ್ತಾರ."

ಪಂಪಾಪತಿ ಬಾಯಿ ತೆರೆದ. ಬಸವಂತಮ್ಮ ಮಾಡಿಸಿದ್ದು ಎಂದರೆ ಈಗಷ್ಟೇ ಕೂಡಿದ ಮನೆ ಮತ್ತೆ ಒಡೆಯುತ್ತದೆ. ಸುಮ್ಮನಿದ್ದರೆ ತಾನು ಕಳ್ಳ. ಆ ತೊಂದರೆಯನ್ನು ಬಸವಂತಮ್ಮನೇ ತಪ್ಪಿಸಿದಳು.

"ಅಕ್ಷರ ಚಂದ ಬಂದಾವಲ್ರಿ ಮಾಸ್ತರ?" ಎಂದಳು, ಬಾಗಿಲಿಗೆ ಆತು ನಿಂತು, ಮುಖ ಅರಳಿಸಿಕೊಂಡು. "ನನ್ನ ತಟ್ಟಿ, ಕಳೀಬಾರ್ದು, ಜೀವಕ್ಕಿಂತ ಹೆಚ್ಚು ಅಂತ ನೀವ ಹೇಳಿದ್ರಿ. ತಮ್ಮಗ ಹೆಸರು ಹಾಕೂ ಮಷೀನ್ ಹಿಡಕೊಂಡ ಬಾ ಅಂದೆ. ಹಳೇ ತಟ್ಟಿ ಅಂತ ತಾರೀಖೂ ಇರಲಿಲ್ಲ ನೋಡ್ರಿ, ಕೆಳಗ ಇವತ್ತಿಂದು ಹಾಕಿಸೀನಿ."

ಮುಷರ್ರಫ್ ತಟ್ಟೆಯನ್ನು ಪಂಪಾಪತಿಯ ಕೈಗೆ ಕೊಟ್ಟು, ಕಾರಿನ ಬಾಗಿಲು ತೆಗೆದು ನಿಂತ.

"ಹತ್ತರಿ ಮಾಸ್ತರ. ಇದು ಯಾರ ತಟ್ಟಿ, ಯಾವ ಕಾಲದ್ದು ಅಂತ ರಾಯಚೂರಿಗೆ ಬಂದು ಬೀಗರಿಗೆ ನೀವ ಹೇಳರಿ. ಹೇಳೂದು ನಿಮಗ ಚಲೋ ಬರ್ತದಂತ."

ಪಂಪಾಪತಿ ತನ್ನ ಹೆಸರನ್ನು ಎದೆಗವಚಿಕೊಂಡು ಕಾರು ಹತ್ತಿದ. ಇನ್ನೇನು ಕಾರು ಹೊರಡಬೇಕು, ಬಸವಂತಮ್ಮ ಓಡುತ್ತ ಬಂದು ಕಿಟಕಿಯಲ್ಲಿ ತಲೆ ಹಾಕಿ ಮುನವ್ವರ್ ಬೀಯನ್ನು ಅಕ್ಕರೆಯಿಂದ ಕೇಳಿದಳು:

"ಯವ್ವಾ, ನಿಮ್ಮ ಮನಿದೂ ಇಂಥಾ ಹಳೇ ಸಾಮಾನು ಇದ್ರ ಕೊಟ್ಟು ಕಳಸರಿ. ತಮ್ಮ ಇನ್ನೂ ಇಲ್ಲೇ ಅದಾನ."